ಮನೆಗಿಂತ ಮೊದಲು ಬಡಾವಣೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಮನೆಯನ್ನು ಎಲ್ಲಿ ಕಟ್ಟಬೇಕೆಂಬುದನ್ನು ಹೇಳುವ ಗೋಜಿಗೆ ಹೋಗಲಿಲ್ಲ. ಅವರ ಕಾಲಕ್ಕೆ ಅಂಥ ಪ್ರಶ್ನೆ ಏಳುತ್ತಲೂ ಇರಲಿಲ್ಲ. ಅಪ್ಪನ ಕೇರಿ, ಅಜ್ಜನ ಹಿತ್ತಿಲು ಇವುಗಳ ನಡುವೆಯೇ ಹೊಸ ಮನೆಯ ಪಾಯ ಬೀಳುತ್ತಿತ್ತು. ಬಾವಿಯ ನೀರು ಸಿಹಿಯೋ ಸವುಳೋ, ಮಳೆಯ ನೀರು ಯಾವ ಓಣಿಯಲ್ಲಿ ಹರಿದು ಯಾವ ಕೆರೆಯನ್ನು ಸೇರುತ್ತದೆ, ನೆರೆಹೊರೆಯವರು ಎಂಥವರು ಎಂಬುದೆಲ್ಲ ತಲೆಮಾರುಗಳಿಂದ ತಿಳಿದ ಸಂಗತಿಗಳಾಗಿದ್ದವು.

ಇಂದಿನ ಬೆಂಗಳೂರಿನಲ್ಲಿ ಮನೆ ಕೊಳ್ಳಹೊರಡುವ ಗೃಹಸ್ಥನಿಗೆ ಈ ಯಾವ ಅನುಕೂಲವೂ ಇಲ್ಲ. ಊರ ನಡುವೆ ಮನೆ ಕೊಳ್ಳುವುದು ಅವನ ಕೈಗೆಟುಕದ ಮಾತು. ಆದ್ದರಿಂದ ಭಾನುವಾರ ಬೆಳಿಗ್ಗೆ ಹೆಂಡತಿ ಮಕ್ಕಳೊಡನೆ ಊರ ಅಂಚಿನತ್ತ ಹೊರಡುತ್ತಾನೆ. ದಲ್ಲಾಳಿ ಬೀಗ ತೆಗೆಯುತ್ತಾನೆ. ಗೃಹಿಣಿ ಅಡುಗೆಯ ಮನೆಯ ಗಾಳಿ ಬೆಳಕನ್ನು ನೋಡುತ್ತಾಳೆ, ತಾಯಿ ದೇವರ ಮನೆಯ ದಿಕ್ಕನ್ನು ವಿಚಾರಿಸುತ್ತಾರೆ, ಮಕ್ಕಳು ಮಹಡಿಗೆ ಓಡುತ್ತಾರೆ. ಒಂದು ಗಂಟೆಯೊಳಗೆ ಮನೆ ಮನಸ್ಸಿಗೆ ಬರುತ್ತದೆ. ಇಪ್ಪತ್ತು ವರ್ಷಗಳ ಸಾಲದ ಕಂತಿಗೆ ಸಂಬಳ ಒತ್ತೆಯಾಗುತ್ತದೆ. ಆದರೆ ಆ ಮನೆ ನಿಂತಿರುವ ನೆಲವನ್ನು, ಅದರ ಸುತ್ತಲ ಬಡಾವಣೆಯನ್ನು ನೋಡಿದವರು ಯಾರು? ನೆಲಗಟ್ಟನ್ನು ಕಿತ್ತು ಬೇರೆ ಹಾಕಿಸಬಹುದು. ಬಾಗಿಲನ್ನು ಒಡೆಸಿ ಬೇರೆ ಕಡೆ ಇಡಿಸಬಹುದು. ನೆಲದ ಇಳಿಜಾರನ್ನು, ರಸ್ತೆಯ ಅಗಲವನ್ನು, ನೀರು ಬರುವ ದಾರಿಯನ್ನು, ಅದು ಹೋಗುವ ದಾರಿಯನ್ನು ಯಾವ ಮೇಸ್ತ್ರಿಯಿಂದಲೂ ಬದಲಿಸಲಾಗದು.

ಇದನ್ನು ಬೆಂಗಳೂರಿನಷ್ಟು ಸ್ಪಷ್ಟವಾಗಿ ಕಲಿಸುವ ಊರು ಕನ್ನಡ ನಾಡಿನಲ್ಲಿ ಇನ್ನೊಂದಿಲ್ಲ. ಒಳ್ಳೆಯ ಬಡಾವಣೆ ಹೇಗಿರಬೇಕೆಂಬುದಕ್ಕೂ ಇಲ್ಲಿ ನಿದರ್ಶನವುಂಟು, ಹೇಗಿರಬಾರದೆಂಬುದಕ್ಕೂ ಉಂಟು.

ಭಯದಿಂದ ಹುಟ್ಟಿದ ಶಿಸ್ತು

1537ರಲ್ಲಿ ಕೆಂಪೇಗೌಡರು ನೆಲೆಗೊಳಿಸಿದ ಪೇಟೆ ಮುನ್ನೂರೈವತ್ತು ವರ್ಷಗಳ ಮೇಲೆ ತನ್ನ ಎಲ್ಲೆಯೊಳಗೆ ಹಿಡಿಸದಷ್ಟು ತುಂಬಿಹೋಗಿತ್ತು. ಗೋಡೆಗೆ ಗೋಡೆ ತಾಗಿದ ಮನೆಗಳು, ಬಿಸಿಲು ಕಾಣದ ಓಣಿಗಳು, ಅಂಗಡಿಯ ಹಿಂದೆಯೇ ದಾಸ್ತಾನು, ಅದರ ಮೇಲೆ ವಾಸ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರಾಗಿದ್ದಾಗ, ಪೇಟೆಯ ಹೊರಗೆ ಹೊಸ ಬಡಾವಣೆಗಳ ಯೋಜನೆ ತಯಾರಾಯಿತು. 1892ರಲ್ಲಿ ಚಾಮರಾಜಪೇಟೆ ಹುಟ್ಟಿತು. 1898ರಲ್ಲಿ ಪ್ಲೇಗು ಮಾರಿ ಬೆಂಗಳೂರನ್ನು ಹೊಕ್ಕಾಗ ಇಕ್ಕಟ್ಟಿನ ವಾಸ ಎಷ್ಟು ಅಪಾಯಕರವೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಬಸವನಗುಡಿ ಮತ್ತು ಮಲ್ಲೇಶ್ವರಗಳು ಮೈದುಂಬಿಕೊಂಡದ್ದು ಆ ಭಯದ ಬೆನ್ನಿನಲ್ಲೇ. ದಂಡಿನ ಕಡೆಯ ಫ್ರೇಜರ್ ಟೌನ್ 1910ರ ಹೊತ್ತಿಗೆ ಇದೇ ಕಾರಣದಿಂದ ರೂಪುಗೊಂಡಿತು.

ಇಂದಿಗೂ ಬಸವನಗುಡಿಯಲ್ಲಿ ಒಂದು ಸಂಜೆ ಸುತ್ತಾಡಿದವರಿಗೆ ಆ ಯೋಜಕರ ಮನಸ್ಸು ಅರ್ಥವಾಗದಿರದು. ಮನೆಗಳಿಗಿಂತ ಮೊದಲು ಅವರು ರಸ್ತೆಗಳನ್ನು ಗೆರೆ ಎಳೆದು ಹಾಕಿದರು. ರಸ್ತೆಗಳ ಬದಿಯಲ್ಲಿ ಮರಗಳಿಗೆ ಎಡೆ ಬಿಟ್ಟರು. ಉದ್ಯಾನಕ್ಕೆ, ಮಾರುಕಟ್ಟೆಗೆ, ಶಾಲೆಗೆ ಜಾಗ ಕಾದಿರಿಸಿದರು. ಗಾಂಧಿ ಬಜಾರಿನ ಹೂವು ಹಣ್ಣಿನ ಸಾಲು, ಕೃಷ್ಣರಾವ್ ಉದ್ಯಾನ, ದೊಡ್ಡ ಬಸವಣ್ಣನ ಗುಡಿ ಎಲ್ಲವೂ ಮುದುಕರೂ ನಡೆದು ಹೋಗಬಹುದಾದಷ್ಟು ಹತ್ತಿರ. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನೆರೆದಾಗ ಬಡಾವಣೆಗೆ ಬಡಾವಣೆಯೇ ಬೀದಿಗೆ ಇಳಿಯುತ್ತದೆ. ಮಲ್ಲೇಶ್ವರದಲ್ಲಿ ಕಾಡು ಮಲ್ಲೇಶ್ವರನ ಗುಡಿ, ಎಂಟನೆಯ ಅಡ್ಡರಸ್ತೆಯ ಪೇಟೆ, ಸ್ವಲ್ಪ ದೂರದಲ್ಲಿ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ. ಇವೆಲ್ಲ ಇಂದು ಕೋಟಿಗಳ ಮಾತು. ಸಾಮಾನ್ಯರು ಅಲ್ಲಿ ಮನೆ ಕೊಳ್ಳುವುದು ಕನಸೇ ಸರಿ. ಆದರೆ ಹೊಸ ಬಡಾವಣೆಯನ್ನು ನೋಡಹೋಗುವ ಮುನ್ನ ಈ ಹಳೆಯವುಗಳಲ್ಲಿ ಒಮ್ಮೆ ಅಡ್ಡಾಡಿ ಬರುವುದಕ್ಕೆ ಯಾರೂ ಕಾಸು ಕೇಳುವುದಿಲ್ಲ. ಚಿನ್ನವನ್ನು ಕಂಡವನಿಗೇ ಹಿತ್ತಾಳೆಯ ಗುರುತು ಸಿಕ್ಕೀತು.

ಒಮ್ಮೆ ದೂರವಾಗಿದ್ದ ಜಯನಗರ

1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಸ್ಥಾಪನೆಯಾಯಿತು. 1948ರಲ್ಲಿ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದರು. ಅದರ ನೆನಪಿನ ಅಶೋಕ ಸ್ತಂಭ ಈಗಲೂ ನಿಂತಿದೆ. ಅಂದು ಅದು ಊರ ಹೊರಗಿನ ನೆಲ. ಪೇಟೆಯಲ್ಲಿ ಬೆಳೆದವರಿಗೆ ಅಲ್ಲಿಗೆ ಸಂಸಾರ ಸಾಗಿಸುವುದೆಂದರೆ ಪರಊರಿಗೆ ಹೋದಂತೆಯೇ ಸರಿ. ಆದರೆ ಅದನ್ನು ಬ್ಲಾಕುಗಳಾಗಿ ವಿಂಗಡಿಸಿ, ಆಟದ ಬಯಲು, ಅಂಗಡಿ ಸಾಲು, ಅಗಲವಾದ ರಸ್ತೆಗಳನ್ನು ಮೊದಲೇ ಗೊತ್ತುಪಡಿಸಿದ್ದರು. ಕಾಲ ಸರಿದಂತೆ ಊರು ಬೆಳೆಯಿತು. ಜಯನಗರವೇ ಊರ ನಡುವಾಯಿತು. 2017ರಲ್ಲಿ ಮೆಟ್ರೋ ರೈಲು ಕೂಡ ಅದರ ನೆತ್ತಿಯ ಮೇಲೆ ಹಾದುಹೋಯಿತು.

ಹೊಸದಾಗಿ ಮನೆ ಕೊಳ್ಳುವವರು ಇದರಿಂದ ಒಂದು ತತ್ತ್ವವನ್ನು ಗ್ರಹಿಸಬಹುದು. ದೂರವೆಂಬ ದೋಷ ಕಾಲಕ್ರಮದಲ್ಲಿ ಕರಗಬಹುದು. ಆದರೆ ಇಕ್ಕಟ್ಟೆಂಬ ದೋಷ ಎಂದಿಗೂ ಕರಗುವುದಿಲ್ಲ. ಊರು ಬೆಳೆದಷ್ಟೂ ಅದು ಹೆಚ್ಚುತ್ತದೆ. ಇಪ್ಪತ್ತು ಅಡಿ ಬಿಟ್ಟ ರಸ್ತೆಯ ಇಬ್ಬದಿಗಳಲ್ಲಿ ಒಂದಂತಸ್ತಿನ ಮನೆಗಳ ಜಾಗದಲ್ಲಿ ನಾಲ್ಕಂತಸ್ತಿನವು ಎದ್ದಾಗ ರಸ್ತೆ ಮಾತ್ರ ಇಪ್ಪತ್ತು ಅಡಿಯಾಗಿಯೇ ಉಳಿದಿರುತ್ತದೆ.

ನಾಲ್ಕು ದಿಕ್ಕು, ನಾಲ್ಕು ಪರಿ

ಇಂದಿನ ಬೆಂಗಳೂರು ನಾಲ್ಕು ದಿಕ್ಕುಗಳಿಗೂ ಕೈ ಚಾಚಿದೆ. ಪೂರ್ವದಲ್ಲಿ ವೈಟ್‌ಫೀಲ್ಡ್, 1882ರಲ್ಲಿ ಆಂಗ್ಲೋ ಇಂಡಿಯನ್ ಸಂಸಾರಗಳು ಬೇಸಾಯ ಮಾಡಿಕೊಂಡಿರಲೆಂದು ಮೈಸೂರಿನ ಮಹಾರಾಜರು ಭೂಮಿ ಕೊಟ್ಟ ಶಾಂತವಾದ ಹಳ್ಳಿ. 1990ರ ದಶಕದ ಕೊನೆಗೆ ಅಲ್ಲಿ ತಂತ್ರಜ್ಞಾನ ಕಚೇರಿಗಳು ತಲೆಯೆತ್ತಿದ ಮೇಲೆ ಅದರ ಚಹರೆಯೇ ಮಾರ್ಪಟ್ಟಿತು. ಪಶ್ಚಿಮದಲ್ಲಿ ಮೈಸೂರು ರಸ್ತೆಯ ಕೆಂಗೇರಿ. ಅಲ್ಲಿಯ ಉಪನಗರದಲ್ಲಿ ಇಂದಿಗೂ ಮಧ್ಯಮ ವರ್ಗದ ಸಂಸಾರಗಳ ನೆಮ್ಮದಿಯ ಉಸಿರು ಕೇಳಿಸುತ್ತದೆ. 2023ರ ಅಕ್ಟೋಬರಿನಲ್ಲಿ ಮೆಟ್ರೋದ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಕೆಂಗೇರಿಯಾಚೆಯ ಚಲ್ಲಘಟ್ಟದವರೆಗೆ ಪೂರ್ಣಗೊಂಡು, ಈ ಎರಡು ತುದಿಗಳನ್ನು ಒಂದೇ ದಾರದಲ್ಲಿ ಪೋಣಿಸಿತು. ಆಗ್ನೇಯದ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ, ಬೊಮ್ಮಸಂದ್ರದವರೆಗೆ, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಓಡತೊಡಗಿತು. ಉತ್ತರದಲ್ಲಿ ಕೆಂಪೇಗೌಡರ ಪೂರ್ವಿಕರ ಯಲಹಂಕ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಬಳಿಕ ಆ ದಾರಿಯ ಹೊಲಗಳೆಲ್ಲ ನಿವೇಶನಗಳಾದವು.

ಈ ನಾಲ್ಕರಲ್ಲಿ ಯಾವುದು ಲೇಸು? ಉದ್ಯೋಗ ಎಲ್ಲಿದೆಯೋ ಅದಕ್ಕೆ ಸಮೀಪವಾದದ್ದು ಲೇಸು ಎನ್ನುವುದು ಮೊದಲ ಉತ್ತರ. ದಿನಕ್ಕೆ ಒಂದು ಗಂಟೆ ಹೋಗಲು, ಒಂದು ಗಂಟೆ ಬರಲು ಕಳೆದರೆ, ತಿಂಗಳಿಗೆ ಇಪ್ಪತ್ತೈದು ದಿನದ ಕೆಲಸದಂತೆ ವರ್ಷಕ್ಕೆ 600 ಗಂಟೆಗಳಾದವು. ಎಂದರೆ ಹಗಲೂ ರಾತ್ರಿಯೂ ಸೇರಿ ಪೂರ್ತಾ 25 ದಿನಗಳು. ಸಾಲ ತೀರುವ ಇಪ್ಪತ್ತು ವರ್ಷಗಳಲ್ಲಿ 500 ದಿನಗಳನ್ನು ಗೃಹಸ್ಥನು ರಸ್ತೆಗೆ ತೆತ್ತಂತಾಯಿತು. ಮನೆಯ ಬೆಲೆಯಲ್ಲಿ ಉಳಿದ ಹಣ ಈ ದಿನಗಳನ್ನು ಮರಳಿ ತಂದುಕೊಡಲಾರದು. ಮಕ್ಕಳು ಎದ್ದೇಳುವ ಮೊದಲು ಹೊರಟು, ಅವರು ಮಲಗಿದ ಮೇಲೆ ಮನೆ ಸೇರುವ ತಂದೆ ಆ ಮನೆಯ ಯಜಮಾನನಾದರೂ ಅತಿಥಿಯಂತೆಯೇ ಬಾಳುತ್ತಾನೆ.

ನೀರು ಬರುವ ದಾರಿ

ಎರಡನೆಯ ಪ್ರಶ್ನೆ ನೀರಿನದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕುಳಿತ ಊರು. ಅದರ ಮಡಿಲಲ್ಲಿ ದೊಡ್ಡ ನದಿ ಯಾವುದೂ ಹರಿಯುವುದಿಲ್ಲ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರು ಬಂದಿತು. ಅದು ಸಾಲದೆ 1974ರಲ್ಲಿ ಕಾವೇರಿಯ ನೀರು ಬಂದಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪುಗಳು ಎತ್ತಿ ತಳ್ಳಿದ ಮೇಲೆ ಅದು ಬೆಂಗಳೂರಿನ ನಲ್ಲಿಯಲ್ಲಿ ಇಳಿಯುತ್ತದೆ. ಇಂಥ ನೀರು ಊರ ಅಂಚನ್ನು ತಲಪುವುದು ಎಲ್ಲಕ್ಕೂ ಕೊನೆಗೆ ಎಂಬುದರಲ್ಲಿ ಆಶ್ಚರ್ಯವೇನಿಲ್ಲ.

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿತವಾದಾಗ ಸುತ್ತಲಿನ ಪುರಸಭೆಗಳೊಡನೆ ನೂರಹತ್ತು ಹಳ್ಳಿಗಳು ನಗರಕ್ಕೆ ಸೇರಿದವು. ಆ ಹಳ್ಳಿಗಳನ್ನೇ ಉದ್ದೇಶಿಸಿದ ಕಾವೇರಿಯ ಐದನೆಯ ಹಂತಕ್ಕೆ ಚಾಲನೆ ದೊರೆತದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷಗಳ ಈ ನಡುವಿನ ಕಾಲದಲ್ಲಿ ಅಲ್ಲಿ ಮನೆ ಮಾಡಿದವರು ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿ ಬಾಳಿದರು. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಬೆಲೆಗೆ ಸರಕಾರವೇ ಮಿತಿ ಹೇರಬೇಕಾಯಿತು. ದೊಡ್ಡ ವಸತಿ ಸಮುಚ್ಚಯಗಳಲ್ಲಿಯೂ ಜನ ನೀರನ್ನು ಅಳೆದು ಬಳಸಿದರು.

ಆದುದರಿಂದ ‘ಕಾವೇರಿ ಕೊಳವೆ ಇದೆಯೇ?’ ಎಂದು ಕೇಳಿ ಸುಮ್ಮನಾಗುವುದು ಸಾಲದು. ಕೊಳವೆಯಲ್ಲಿ ನೀರು ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು ಬರುತ್ತದೆಂದು ಕೇಳಬೇಕು. ಉತ್ತರವನ್ನು ಮಾರುವವನಿಂದ ಪಡೆಯುವುದಕ್ಕಿಂತ ಎದುರುಮನೆಯಲ್ಲಿ ಬಟ್ಟೆ ಹರವುತ್ತಿರುವ ಗೃಹಿಣಿಯಿಂದ ಪಡೆಯುವುದು ಮೇಲು. ಏಪ್ರಿಲ್ ತಿಂಗಳಿನಲ್ಲಿ ಆ ಬೀದಿಗೆ ದಿನಕ್ಕೆ ಎಷ್ಟು ಟ್ಯಾಂಕರುಗಳು ಬರುತ್ತವೆಂದು ಅಲ್ಲಿಯ ಕಿರಾಣಿ ಅಂಗಡಿಯವನು ಲೆಕ್ಕ ತಪ್ಪದೆ ಹೇಳುತ್ತಾನೆ.

ನೀರು ಹೋಗುವ ದಾರಿ

ನೀರು ಬರುವುದು ಎಷ್ಟು ಮುಖ್ಯವೋ ಹೋಗುವುದೂ ಅಷ್ಟೇ ಮುಖ್ಯ. ಬೆಂಗಳೂರಿನ ನೆಲ ಹೆಬ್ಬಾಳ, ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ ಎಂಬ ಕಣಿವೆಗಳಾಗಿ ಇಳಿಯುತ್ತದೆ. ಹಿಂದಿನವರು ಈ ಇಳಿಜಾರುಗಳಲ್ಲಿ ಏರಿ ಕಟ್ಟಿ ಕೆರೆಗಳ ಮಾಲೆ ಹೆಣೆದರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಮುಂದಿನ ಕೆರೆಗೆ ಸೇರುತ್ತಿತ್ತು. ಆ ಕೆರೆಗಳಲ್ಲಿ ಎಷ್ಟೋ ಈಗಿಲ್ಲ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆ ಹೋದರೂ ಇಳಿಜಾರು ಹೋಗಲಿಲ್ಲ. ಮಳೆಯ ನೀರು ಇಂದಿಗೂ ತನ್ನ ಹಳೆಯ ಮನೆಯನ್ನೇ ಹುಡುಕಿಕೊಂಡು ಬರುತ್ತದೆ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಸುರಿದ ಮಳೆಗೆ ಬಹಳ ಬೆಲೆಬಾಳುವ ಮನೆಗಳೊಳಗೂ ನೀರು ನುಗ್ಗಿತು. ಅಲ್ಲಿಯ ನಿವಾಸಿಗಳನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರಗೆ ಕರೆತಂದರು. 2024ರ ಅಕ್ಟೋಬರಿನಲ್ಲಿ ಯಲಹಂಕದ ಕಡೆಯೂ ದೋಣಿಗಳು ಬೀದಿಗಿಳಿದವು. ಮನೆಗೆ ಸುರಿದ ಹಣ ಹೆಚ್ಚಾದ ಮಾತ್ರಕ್ಕೆ ನೆಲ ಎತ್ತರವಾಗುವುದಿಲ್ಲ.

ತಗ್ಗನ್ನು ಗುರುತಿಸುವುದು ಹೇಗೆ? ಊರಿನ ಹೆಸರೇ ಅನೇಕ ವೇಳೆ ಗುಟ್ಟನ್ನು ಹೇಳಿಬಿಡುತ್ತದೆ. ಕೆರೆ, ಕಟ್ಟೆ, ಕುಂಟೆ, ಹಳ್ಳ ಎಂಬ ಬಾಲವುಳ್ಳ ಹೆಸರುಗಳು ನೀರಿನ ನೆಂಟರು. ಬೊಮ್ಮಸಂದ್ರ, ಸಿಂಗಸಂದ್ರ ಮುಂತಾದುವುಗಳಲ್ಲಿಯ ‘ಸಂದ್ರ’ವನ್ನು ಬಲ್ಲವರು ‘ಸಮುದ್ರ’ವೆಂದು, ಎಂದರೆ ಹಿರಿಯ ಕೆರೆಯೆಂದು, ಬಿಡಿಸುತ್ತಾರೆ. ಅಂಥ ಹೆಸರಿನ ಊರಿನಲ್ಲಿ ಮನೆ ಕೊಳ್ಳಬಾರದೆಂದಲ್ಲ. ಕೆರೆ ಎಲ್ಲಿತ್ತು, ಅದರ ಕಾಲುವೆ ಎಲ್ಲಿ ಹರಿಯುತ್ತಿತ್ತು ಎಂಬುದನ್ನು ತಿಳಿಯದೆ ಕೊಳ್ಳಬಾರದು. ಸರ್ವೆ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಇವೆಲ್ಲ ಗುರುತಾಗಿವೆ. ‘ದಿಶಾಂಕ್’ ಎಂಬ ಸರಕಾರದ ತಂತ್ರಾಂಶದಿಂದ, ನಿಂತ ನೆಲದ ಸರ್ವೆ ನಂಬರನ್ನು ಅಂಗೈಯ ಫೋನಿನಲ್ಲೇ ಕಾಣಬಹುದು. ಕೆರೆಯಿಂದ ಎಷ್ಟು ದೂರ ಬಿಟ್ಟು ಕಟ್ಟಬೇಕೆಂಬ ನಿಯಮ ಮಾತ್ರ ಆಗಾಗ ಬದಲಾಗಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಎಂದಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ತೆಗೆದುಹಾಕಿತು. ಕಾನೂನಿನ ಅಳತೆ ಬದಲಾದರೂ ನೀರಿನ ಅಳತೆ ಬದಲಾಗದೆಂಬುದನ್ನು ಕೊಳ್ಳುವವರು ಮರೆಯಬಾರದು.

ಇದಕ್ಕೆಲ್ಲ ಮಿಗಿಲಾದ ಸಾಕ್ಷಿ ಹಳ್ಳಿಯ ಹಿರಿಯರದು. ಬಡಾವಣೆಯ ಬದಿಯ ಹಳೆಯ ಊರಿನಲ್ಲಿ, ಅಶ್ವತ್ಥ ಕಟ್ಟೆಯ ಮೇಲೆ ಕುಳಿತ ಅಜ್ಜನನ್ನು ‘ಇಲ್ಲಿ ಮೊದಲು ಏನು ಬೆಳೆಯುತ್ತಿದ್ದಿರಿ, ಯಜಮಾನರೇ?’ ಎಂದು ಕೇಳಿದರೆ ಸಾಕು. ರಾಗಿ ಎಂದರೆ ಅದು ಮೇಲುನೆಲ. ಭತ್ತ ಎಂದರೆ ನೀರು ನಿಲ್ಲುವ ಗದ್ದೆ. ಒಂದೇ ಮಾತಿನಲ್ಲಿ ನೆಲದ ಜಾತಕ ಬಯಲಾಗುತ್ತದೆ.

ಕಾಗದ ಮತ್ತು ಕಾಲ್ನಡಿಗೆ

ಕಾಗದಪತ್ರಗಳನ್ನು ನೋಡುವುದು ವಕೀಲರ ಕೆಲಸವೆಂದು ಕೈತೊಳೆದುಕೊಳ್ಳಲಾಗದು. ಮೂಲಪತ್ರದಿಂದ ಇಂದಿನವರೆಗೆ ಒಡೆತನದ ಎಳೆ ಎಲ್ಲಿಯೂ ಕಡಿದಿಲ್ಲವೇ, ಋಣಭಾರ ಪತ್ರದಲ್ಲಿ ಸಾಲದ ಸುಳಿವಿದೆಯೇ, ಹೊಲವಾಗಿದ್ದ ಭೂಮಿಗೆ ಪರಿವರ್ತನೆಯ ಆದೇಶವಾಗಿದೆಯೇ, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಇದೆಯೇ, ಹೊಸ ಕಟ್ಟಡವಾದರೆ 2016ರ ರೇರಾ ಕಾಯಿದೆಯಂತೆ ನೋಂದಣಿಯಾಗಿದೆಯೇ? ಈ ಐದು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಸಿಗಬೇಕು. ಬೆಂಗಳೂರಿನಲ್ಲಿ ಬಹು ಮಾತಿಗೆ ಬರುವ ‘ಬಿ’ ಖಾತೆ ಮೂಲತಃ ಕಂದಾಯ ವಸೂಲಿಗಾಗಿ ಇಟ್ಟ ವಹಿಯ ನಮೂದು; ಕಂದಾಯ ಕಟ್ಟಿದ ರಸೀತಿ ಬಡಾವಣೆಗೆ ಅನುಮತಿ ದೊರೆತಿದೆಯೆಂಬುದಕ್ಕೆ ಸಾಕ್ಷಿಯಾಗದು. 2025ರಲ್ಲಿ ಸರಕಾರ ಇಂಥ ಆಸ್ತಿಗಳನ್ನು ‘ಎ’ ಖಾತೆಗೆ ಬದಲಿಸಿಕೊಳ್ಳಲು ದಾರಿ ತೆರೆಯಿತು. ಆದರೆ ಖಾತೆ ಬದಲಾಯಿತೆಂದು ಕಿರಿದಾದ ರಸ್ತೆ ಹಿರಿದಾಗುವುದಿಲ್ಲ, ಇಲ್ಲದ ಉದ್ಯಾನ ಹುಟ್ಟಿಕೊಳ್ಳುವುದಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾದವು. ನಿವೇಶನ ಯಾವ ಪಾಲಿಕೆಗೆ ಸೇರಿದೆ, ಅಥವಾ ಇನ್ನೂ ಪಂಚಾಯಿತಿಯಲ್ಲಿಯೇ ಇದೆಯೇ ಎಂಬುದನ್ನು ತಿಳಿದರೆ, ನಾಳೆ ಬೀದಿಯ ದೀಪ ಕೆಟ್ಟಾಗ ಯಾರ ಬಾಗಿಲು ತಟ್ಟಬೇಕೆಂಬುದು ಗೊತ್ತಿರುತ್ತದೆ.

ಕಾಗದಗಳು ಸರಿಯಿದ್ದ ಮೇಲೆ ಕಾಲ್ನಡಿಗೆಯ ಪರೀಕ್ಷೆ. ಭಾನುವಾರದ ಬೆಳಿಗ್ಗೆ ಎಲ್ಲ ಬಡಾವಣೆಗಳೂ ಸುಂದರವೇ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಗಬೇಕು; ಮುಖ್ಯರಸ್ತೆಗೆ ಸೇರಲು ಎಷ್ಟು ಹೊತ್ತಾಗುವುದೆಂಬುದು ಆಗ ತಿಳಿಯುತ್ತದೆ. ರಾತ್ರಿ ಒಂಬತ್ತಕ್ಕೆ ಹೋಗಬೇಕು. ಕೆಲಸ ಮುಗಿಸಿ ಬರುವ ಮಗಳು ಬಸ್ಸಿಳಿದು ಮನೆ ಸೇರುವ ದಾರಿಯಲ್ಲಿ ದೀಪವಿದೆಯೇ, ತೆರೆದ ಅಂಗಡಿಯಿದೆಯೇ ಎಂಬುದು ಆಗ ಕಾಣುತ್ತದೆ. ದೊಡ್ಡ ಮಳೆ ಬಂದ ಮರುದಿನ ಹೋಗಬೇಕು. ಕಾಂಪೌಂಡು ಗೋಡೆಗಳ ಮೇಲೆ ಕೆಸರಿನ ಗೆರೆ ಎಷ್ಟು ಎತ್ತರದಲ್ಲಿದೆಯೆಂದು ನೋಡಬೇಕು. ವಯಸ್ಸಾದ ತಂದೆತಾಯಿಯರಿದ್ದರೆ ಅವರನ್ನೂ ಕರೆದೊಯ್ದು, ಔಷಧದ ಅಂಗಡಿಯವರೆಗೆ ನಡೆಸಿ ನೋಡಬೇಕು. ಕಾಲುದಾರಿ ಮುರಿದು, ಗುಂಡಿಬಿದ್ದ ಬೀದಿಯಲ್ಲಿ ಅವರು ಹತ್ತು ಹೆಜ್ಜೆ ಇಡಲಾರದೆ ಹೋದರೆ, ಆ ಹೊಸ ಮನೆ ಅವರ ಪಾಲಿಗೆ ಗೋಡೆಗಳ ನಡುವಣ ಸೆರೆಯಾಗುತ್ತದೆ. ಊರಿನ ಹಳೆಯ ಮನೆ ಮಾರಿ, ಆ ಹಣವನ್ನು ಮಗನ ಮನೆಗೆ ಸೇರಿಸಿದ ಎಷ್ಟೋ ವೃದ್ಧರು ಇಂದು ಎಂಟನೆಯ ಮಹಡಿಯ ಮೊಗಸಾಲೆಯಲ್ಲಿ ಕುಳಿತು, ಕೆಳಗೆ ಯಾರೂ ನಡೆಯದ ರಸ್ತೆಯನ್ನು ನೋಡುತ್ತಿದ್ದಾರೆ. ಮನೆ ಕೊಳ್ಳುವಾಗ ಅವರನ್ನು ಯಾರೂ ನಡೆಸಿ ನೋಡಿರಲಿಲ್ಲ.

ಇಷ್ಟೆಲ್ಲವನ್ನು ತೂಗಿ ನೋಡಿದ ಮೇಲೂ ಯಾವ ಬಡಾವಣೆಯೂ ಸರ್ವಗುಣಸಂಪನ್ನವಾಗಿ ದೊರೆಯುವುದಿಲ್ಲ. ಒಂದಿದ್ದರೆ ಒಂದಿಲ್ಲ. ಆಗ ನೋಡಬೇಕಾದ ಕೊನೆಯ ಗುಣವೊಂದಿದೆ: ಆ ಬಡಾವಣೆಯ ಜನ ತಮ್ಮ ಬಡಾವಣೆಗಾಗಿ ಕೂಡಿ ಏನನ್ನಾದರೂ ಮಾಡಿದ್ದಾರೆಯೇ? ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿಯಲ್ಲಿ, ಜೆ. ಪಿ. ನಗರದ ಪುಟ್ಟೇನಹಳ್ಳಿಯಲ್ಲಿ ಸುತ್ತಲಿನ ನಿವಾಸಿಗಳು ಪಾಲಿಕೆಯೊಡನೆ ಕೈಜೋಡಿಸಿ, ಹಾಳುಬಿದ್ದಿದ್ದ ಕೆರೆಗಳಿಗೆ ಮತ್ತೆ ಜೀವ ತಂದರು. ಇಂದು ಅಲ್ಲಿ ಬೆಳಗಿನ ಹೊತ್ತು ಏರಿಯ ಮೇಲೆ ಜನ ನಡೆಯುತ್ತಾರೆ, ನೀರಿನ ಮೇಲೆ ಹಕ್ಕಿಗಳು ಇಳಿಯುತ್ತವೆ. ಆ ಏರಿಯ ಮೇಲೆ ದಿನವೂ ಎದುರಾಗುವವರು ಮೊದಲು ಮುಗುಳ್ನಗುತ್ತಾರೆ, ಆಮೇಲೆ ಹೆಸರು ಕೇಳುತ್ತಾರೆ, ಕಷ್ಟ ಬಂದ ದಿನ ಬಾಗಿಲಿಗೆ ಬರುತ್ತಾರೆ. ನೀರಿಲ್ಲವೆಂದರೆ ಕಚೇರಿಗೆ ಒಬ್ಬರೇ ಅಲೆಯಬೇಕಾಗಿಲ್ಲ. ಕಾಲುವೆ ಕಟ್ಟಿಕೊಂಡರೆ ಮಳೆಗಾಲಕ್ಕೆ ಮುನ್ನವೇ ನಾಲ್ವರು ಸೇರಿ ದೂರು ಕೊಡುತ್ತಾರೆ.

ಮನೆಯನ್ನು ಹಣದಿಂದ ಕೊಳ್ಳಬಹುದು. ಇಂಥ ನೆರೆಯನ್ನು ಕೊಳ್ಳಲಾಗದು. ಇರುವ ಕಡೆ ಹುಡುಕಿಕೊಂಡು ಹೋಗಬೇಕು, ಹೋದ ಮೇಲೆ ತಾವೂ ಅದರ ಪಾಲುಗಾರರಾಗಬೇಕು. ಎರಡು ಬಡಾವಣೆಗಳಲ್ಲಿ ಯಾವುದೆಂದು ನಿರ್ಧರಿಸಲಾರದೆ ತೊಳಲುವವರು ಒಂದು ಬೆಳಿಗ್ಗೆ ಎರಡರ ಕೆರೆ ಏರಿಗಳಿಗೂ ಹೋಗಿ ಬರಲಿ. ಯಾವ ಏರಿಯ ಮೇಲೆ ಜನರಿದ್ದಾರೋ ಅಲ್ಲಿಯ ಮನೆ ಒಂದು ಕೋಣೆ ಕಡಿಮೆಯಿದ್ದರೂ ಚಿಂತೆಯಿಲ್ಲ.